ಗುಡಿಸದೆ ಬಿಟ್ಟ ದರಕು

ಮೂರು ವರ್ಷದ ಹಿಂದೆ, ನವೆಂಬರಿನ ಒಂದು ಭಾನುವಾರ ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನಲ್ಲಿ ತೆಗೆದ ಫೋಟೊವೊಂದನ್ನು ಆ ರಾತ್ರಿಯೇ ಊರಿಗೆ, ಆಯಿಗೆ (ಅಮ್ಮನಿಗೆ) ಕಳಿಸಿದ್ದೆ. ಮುಂಜಾನೆಯ ಮಂಜು, ಮಂಜಿನೊಳಗೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೀಚ್ ಮರಗಳು, ನೆಲ ಕಾಣದಷ್ಟು ದಟ್ಟವಾಗಿ ಬಿದ್ದ ತಾಮ್ರದ ಬಣ್ಣದ ಎಲೆಗಳು. ಅಲ್ಲಿಯವರೆಗೆ ನಾನು ತೆಗೆದ ಚಿತ್ರಗಳಲ್ಲಿ ಅದೇ ಚೆನ್ನಾಗಿದೆ ಎಂಬ ಸಣ್ಣ ಜಂಬ ನನಗಿತ್ತು. ಜೊತೆಗೆ ಕಾಡು ಸುತ್ತಿ ಫೋಟೊ ತೆಗೆಯುವ ನಮ್ಮ ತಂಡದವರೂ ಹೊಗಳಿದ್ದರು. ಮರುದಿನ ಫೋನು ಮಾಡಿದ ಆಯಿ ಮಂಜಿನ ಬಗ್ಗೆ ಏನೂ ಹೇಳಲಿಲ್ಲ, ಮರಗಳ ಬಗ್ಗೆಯೂ ಹೇಳಲಿಲ್ಲ. "ಅಷ್ಟೆಲ್ಲ ದರಕು ಬಿದ್ಕಂಡಿದ್ದಲೇ ಕೂಸೆ, ಗುಡ್ಸಲೆ ಅಲ್ಲಿ ಯಾರೂ ಇಲ್ಯನೇ?" ಎಂದು ಕೇಳಿದಳು.

ನಾನು ನಕ್ಕುಬಿಟ್ಟೆ. ಇಲ್ಲಿ ಉದುರಿದ ಎಲೆಯನ್ನು ಯಾರೂ ಗುಡಿಸುವುದಿಲ್ಲ, ಅದು ಅಲ್ಲಿಯೇ ಕೊಳೆತು ಮಣ್ಣಾಗುತ್ತದೆ, ಜನ ಅದನ್ನು ನೋಡುವುದಕ್ಕೆಂದೇ ದೂರದಿಂದ ಬರುತ್ತಾರೆ ಎಂದು ವಿವರಿಸಿದೆ. ನೋಡಲಿಕ್ಕೆ ಬರುತ್ತಾರೆ ಎಂಬುದನ್ನು ಆಯಿ ನಂಬಿದಳೋ ಇಲ್ಲವೋ ತಿಳಿಯದು. ಮಾತು ಅಡಿಕೆ ಕೊಯ್ಲಿನ ಕಡೆಗೆ ಹೊರಳಿತು. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಟ್ರೈಪಾಡಿನ ಕಾಲಿಗೆ ಅಂಟಿದ ಹಳೆಯ ಕೆಸರನ್ನು ಉಜ್ಜಿ ತೆಗೆಯುವಾಗ ಅದು ಮತ್ತೆ ಎದುರು ಬಂದು ನಿಲ್ಲುತ್ತದೆ. ಕಾಡಿನ ಚಿತ್ರವೊಂದನ್ನು ನೋಡಿದ ಕೂಡಲೆ ಅಲ್ಲಿ ಕೆಲಸ ಮಾಡುವವರು ಎಲ್ಲಿ ಎಂದು ಹುಡುಕುವ ಕಣ್ಣು ನನಗೂ ಇದ್ದದ್ದೇ. ಅದನ್ನು ನಾನು ಎಲ್ಲಿ, ಯಾವಾಗ ಕಳೆದುಕೊಂಡೆ?

ಹನ್ನೊಂದು ನಿರ್ಜನ ಕಾಡುಗಳು

ನಾನು ತಂಡದ ಜೊತೆ ಹೋಗುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಇನ್ನೂ ಕತ್ತಲಿರುವಾಗ ಗೊತ್ತಿಲ್ಲದ ಕಾಡಿಗೆ ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ. ಜೊತೆಗೆ ಯಾವ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದೂ ತಿಳಿದಿರಲಿಲ್ಲ. ಲಂಡನ್ನಿನ ಸೆಂಟ್ರಲ್ ಲೈನ್ ರೈಲು ಹಿಡಿದು ಲೌಟನ್ ನಿಲ್ದಾಣದಲ್ಲಿ ಇಳಿದರೆ ಕಾಡಿನ ಅಂಚು ಕಾಲ್ನಡಿಗೆಯ ದೂರದಲ್ಲಿದೆ. ಅಲ್ಲಿಂದ ಹೈ ಬೀಚ್ ಎಂಬ ಎತ್ತರದ ಜಾಗದ ಕಡೆಗೆ ನಡೆಯುತ್ತೇವೆ. (ಕನ್ನಡದಲ್ಲಿ ಬರೆದಾಗ ಮರವೂ ಬೀಚ್, ಕಡಲತೀರವೂ ಬೀಚ್. ಊರಿನ ಗೆಳತಿಯೊಬ್ಬಳು ಬಹಳ ಕಾಲ ನಾನು ಪ್ರತಿ ಭಾನುವಾರ ಸಮುದ್ರಕ್ಕೆ ಹೋಗುತ್ತೇನೆಂದೇ ತಿಳಿದಿದ್ದಳು.) ತಂಡದಲ್ಲಿ ಸಾಮಾನ್ಯವಾಗಿ ಹತ್ತು ಹನ್ನೊಂದು ಜನ ಇರುತ್ತಾರೆ. ಹೆಚ್ಚಿನವರು ನಿವೃತ್ತರು. ಮುಂದೆ ನಡೆಯುವ ಹಿರಿಯರಿಗೆ ಕಾಡಿನ ಒಂದೊಂದು ಮರವೂ ಗೊತ್ತು.

ಈ ನಡಿಗೆಗಳಲ್ಲಿ ಕಲಿಯುವುದು ಬಹಳಷ್ಟಿದೆ, ಅದನ್ನು ಅಲ್ಲಗಳೆಯಲಾರೆ. ಕಾಡಿನ ಚಿತ್ರಕ್ಕೆ ಬಿಸಿಲು ಶತ್ರು ಎಂಬುದು ನಾನು ಕಲಿತ ಮೊದಲ ಪಾಠ. ಬಿಸಿಲು ಬಿದ್ದಾಗ ಕಣ್ಣಿಗೆ ಕಾಡು ಸೊಗಸಾಗಿ ಕಂಡರೂ, ಕ್ಯಾಮೆರಾದೊಳಗೆ ಅದು ಬಿಳಿ ಚುಕ್ಕೆ ಮತ್ತು ಕಪ್ಪು ತೂತುಗಳ ಗೋಜಲಾಗುತ್ತದೆ. ಮೋಡ ಮುಚ್ಚಿದ ದಿನ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬಂದು ಎಲೆಯ ಬಣ್ಣ ನಿಜವಾದ ಬಣ್ಣವಾಗುತ್ತದೆ. ಮಳೆ ನಿಂತ ಮೇಲೆ ಒದ್ದೆ ಎಲೆಗಳು ಆಕಾಶದ ಬಿಳಿಯನ್ನು ಕನ್ನಡಿಯಂತೆ ಹೊಳೆಯಿಸುತ್ತವೆ. ಪೋಲರೈಸರ್ ಫಿಲ್ಟರನ್ನು ಲೆನ್ಸಿನ ಮುಂದೆ ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಆ ಹೊಳಪು ಅಳಿದು ಕೆಳಗಿನ ಹಳದಿ ಮೇಲೆದ್ದು ಬರುತ್ತದೆ. ಆ ಕ್ಷಣ ನೋಡಿದವರಿಗೇ ಗೊತ್ತು. ಆದರೆ ಫಿಲ್ಟರು ಬೆಳಕನ್ನೂ ನುಂಗುತ್ತದೆ, ಬೀಚ್ ಮರಗಳ ಕೆಳಗೆ ಮೊದಲೇ ಮಬ್ಬು. ಕಾಲು ಸೆಕೆಂಡು, ಅರ್ಧ ಸೆಕೆಂಡು ಷಟರ್ ತೆರೆದಿಡಬೇಕಾಗುತ್ತದೆ, ಆದ್ದರಿಂದ ಟ್ರೈಪಾಡು ಬೇಕು, ಗಾಳಿ ನಿಲ್ಲುವವರೆಗೆ ಕಾಯುವ ತಾಳ್ಮೆಯೂ ಬೇಕು. ವೈಟ್ ಬ್ಯಾಲೆನ್ಸನ್ನು, ಅಂದರೆ ಬಣ್ಣದ ಹದವನ್ನು, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಇಷ್ಟೊಂದು ಹಳದಿ ಇರಲು ಸಾಧ್ಯವಿಲ್ಲವೆಂದು ತಾನೇ ತೀರ್ಮಾನಿಸಿ ಅದನ್ನು ತಣ್ಣಗಾಗಿಸಿಬಿಡುತ್ತದೆ. ಇವೆಲ್ಲವನ್ನೂ ನಾನು ಪುಸ್ತಕದಿಂದ ಕಲಿತದ್ದಲ್ಲ. ಪಕ್ಕದಲ್ಲಿ ನಿಂತವರ ಹೆಗಲ ಮೇಲಿಂದ ಇಣುಕಿ ಕಲಿತದ್ದು.

ಬಣ್ಣಕ್ಕೂ ಒಂದು ಸರತಿ ಇದೆ. ಬರ್ಚ್ ಮತ್ತು ಹಾರ್ನ್‌ಬೀಮ್ ಮರಗಳು ಅಕ್ಟೋಬರಿನಲ್ಲೇ ಹಳದಿಯಾಗುತ್ತವೆ, ಬೀಚ್ ಅಕ್ಟೋಬರ್ ಕೊನೆಯಿಂದ ನವೆಂಬರಿನ ಮೊದಲರ್ಧದವರೆಗೆ ತಾಮ್ರಕ್ಕೆ ತಿರುಗುತ್ತದೆ, ಓಕ್ ಎಲ್ಲರಿಗಿಂತ ಕೊನೆಗೆ, ಮನಸ್ಸಿಲ್ಲದ ಮನಸ್ಸಿನಿಂದ ಕಂದಾಗುತ್ತದೆ. ಹಳದಿ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇದ್ದದ್ದು. ಮರ ಹಸಿರನ್ನು ಒಡೆದು ಅದರ ಸಾರವನ್ನು ಒಳಕ್ಕೆ ಎಳೆದುಕೊಂಡ ಮೇಲೆ ಕಾಣುತ್ತದೆ, ಅಷ್ಟೆ. ಕೆಂಪು ಹಾಗಲ್ಲ, ಅದನ್ನು ಮರ ಹೊಸದಾಗಿ ತಯಾರಿಸಬೇಕು. ಇಂಗ್ಲೆಂಡಿನ ಸ್ವಂತ ಮರಗಳಲ್ಲಿ ಆ ಕೆಂಪು ಕಡಿಮೆ, ಆದ್ದರಿಂದಲೇ ಕೆಂಪಿನ ಹಂಬಲವಿರುವವರು ಗ್ಲಾಸ್ಟರ್‌ಶೈರಿನ ವೆಸ್ಟನ್‌ಬರ್ಟ್‌ನಂಥ ಮರದೋಟಗಳಿಗೆ, ಜಪಾನಿನ ಮೇಪಲ್ ನೋಡಲು ಹೋಗುತ್ತಾರೆ. ನಮ್ಮ ಮಲೆನಾಡಿನಲ್ಲಿ ಕೆಂಪು ಚಿಗುರಿನ ಬಣ್ಣ, ಉದುರುವ ಎಲೆಯದ್ದಲ್ಲ. ಮಾವಿನ ತಳಿರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಆಟಮ್ ಎಂಬುದನ್ನು ನಾವು ಸಲೀಸಾಗಿ ಶರತ್ಕಾಲ ಎಂದುಬಿಡುತ್ತೇವೆ. ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳದಿಂಗಳು, ತೆನೆ ಬಂದ ಗದ್ದೆ. ಎಲೆ ಉದುರುವ ಕಾಲ ನಮಗೆ ಶಿಶಿರ. ಹೆಸರನ್ನು ಅನುವಾದಿಸಬಹುದು, ಋತುವನ್ನು ಹಾಗೆ ಎತ್ತಿ ಇನ್ನೊಂದು ಕಡೆ ಇಡಲು ಬರುವುದಿಲ್ಲ.

ನಾನು ಹೇಳಹೊರಟದ್ದು ಇದಲ್ಲ. ತಂಡದಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು ಬೆಳಕಿನದ್ದೂ ಅಲ್ಲ, ಬಣ್ಣದ್ದೂ ಅಲ್ಲ. "ಕ್ಷಮಿಸಿ, ನಾನು ನಿಮ್ಮ ಫ್ರೇಮಿನೊಳಗೆ ಇದ್ದೇನೆಯೇ?" ಎಂಬುದು. ಹನ್ನೊಂದು ಜನ ಒಂದೇ ಮರದ ಸುತ್ತ ಅರ್ಧಚಂದ್ರಾಕಾರವಾಗಿ ನಿಂತು, ಒಬ್ಬರು ಇನ್ನೊಬ್ಬರ ಚಿತ್ರದಲ್ಲಿ ಬೀಳದಂತೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯುತ್ತಿರುತ್ತೇವೆ. ಅದೊಂದು ಬಗೆಯ ಮೂಕ ಕುಣಿತ. ತಂಡದಲ್ಲಿರುವ ಒಬ್ಬ ಹೆಂಗಸಿನ ಮಳೆಕೋಟು ಕಿತ್ತಳೆ ಬಣ್ಣದ್ದು. ಬೇಟೆಗಾರರ ಗುಂಡು ತಗುಲದಿರಲೆಂದು ಕೊಂಡದ್ದು ಎಂದು ಅವರು ತಮಾಷೆ ಮಾಡುತ್ತಾರೆ. ಆ ಕೋಟು ನೂರು ಗಜ ದೂರದಲ್ಲಿ ಮರದ ಸಂದಿನಿಂದ ಇಣುಕಿದರೂ ಚಿತ್ರ ಕೆಟ್ಟಿತೆಂದೇ ಲೆಕ್ಕ. ನಾನು ಆಯಿಗೆ ಕಳಿಸಿದ ಚಿತ್ರದಲ್ಲೂ ಎಡಗಡೆಯ ಎರಡನೆಯ ಮರದ ಪಕ್ಕ ಆ ಕೋಟಿನ ಅಂಚು ಇತ್ತು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು, ಅದರ ಮೇಲೆ ಪಕ್ಕದ ಎಲೆಗಳನ್ನೇ ನಕಲು ಮಾಡಿ ಹಚ್ಚಿ, ಹತ್ತು ನಿಮಿಷದಲ್ಲಿ ಆಕೆಯನ್ನು ಕಾಡಿನಿಂದ ಅಳಿಸಿದ್ದೆ. ಹೀಗೆ ಹನ್ನೊಂದು ಜನ ಒಟ್ಟಿಗೆ ಹೋಗಿ, ಹನ್ನೊಂದು ನಿರ್ಜನ ಕಾಡುಗಳನ್ನು ಹೊತ್ತುಕೊಂಡು ಮನೆಗೆ ಬರುತ್ತೇವೆ.

ಕೊಡಲಿ ಕೊಟ್ಟ ಆಕಾರ

ಎಪ್ಪಿಂಗ್ ಕಾಡಿನ ಬೀಚ್ ಮರಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆಳೆತ್ತರಕ್ಕೆ ಸ್ವಲ್ಪ ಮೇಲಿನವರೆಗೆ ಒಂದೇ ದಪ್ಪ ಕಾಂಡ. ಅಲ್ಲಿ ಅದು ಗಂಟುಗಂಟಾಗಿ ಉಬ್ಬಿ, ಆ ಉಬ್ಬಿನಿಂದ ಆರೋ ಎಂಟೋ ಭಾರಿ ಕೊಂಬೆಗಳು ಬೆರಳು ಬಿಡಿಸಿದ ಅಂಗೈಯಂತೆ ನೇರ ಮೇಲಕ್ಕೆ ಹೋಗಿರುತ್ತವೆ. ಮಂಜಿನಲ್ಲಿ ಅವು ಮರಗಳಂತೆ ಕಾಣುವುದೇ ಇಲ್ಲ. ನಮ್ಮ ತಂಡದವರು ಅವಕ್ಕೆ ಮಾಂತ್ರಿಕ, ಪುರಾತನ, ಮನುಷ್ಯ ಮುಟ್ಟದ ಎಂಬ ವಿಶೇಷಣಗಳನ್ನು ಧಾರಾಳವಾಗಿ ಕೊಡುತ್ತಾರೆ. ಮೊದಲ ವರ್ಷ ನಾನೂ ಕೊಟ್ಟಿದ್ದೆ.

ಎರಡನೆಯ ವರ್ಷ ಒಂದು ಬೆಳಿಗ್ಗೆ ಮಂಜು ಬರಲಿಲ್ಲ, ಬೋಳು ಬಿಸಿಲು ಬಂತು. ಚಿತ್ರ ತೆಗೆಯುವ ಆಸೆ ಬಿಟ್ಟು ಎಲ್ಲರೂ ಫ್ಲಾಸ್ಕಿನ ಚಹಾ ಕುಡಿಯುತ್ತ ಬಿದ್ದ ಮರವೊಂದರ ಮೇಲೆ ಕುಳಿತೆವು. ಯಾರೋ ಈ ಮರಗಳು ಹೀಗೇಕೆ ಬೆಳೆದಿವೆ ಎಂದು ಕೇಳಿದರು. ನಮ್ಮ ಹಿರಿಯರು ಎದ್ದುಹೋಗಿ ಒಂದು ಕಾಂಡದ ಗಂಟಿನ ಮೇಲೆ ಅಂಗೈ ಇಟ್ಟು, "ಇವು ಹೀಗೆ ಬೆಳೆದದ್ದಲ್ಲ, ಇವನ್ನು ಹೀಗೆ ಕಡಿದದ್ದು" ಎಂದರು. ದನ ಮತ್ತು ಜಿಂಕೆಗಳ ಬಾಯಿಗೆ ಎಳೆಯ ಚಿಗುರು ಎಟುಕದಷ್ಟು ಎತ್ತರದಲ್ಲಿ, ಹತ್ತು ಹದಿನೈದು ವರ್ಷಕ್ಕೊಮ್ಮೆ, ಕೊಂಬೆಗಳನ್ನೆಲ್ಲ ಸವರಿ ಸೌದೆಗೆ ಒಯ್ಯುತ್ತಿದ್ದರು. ಕಡಿದ ಜಾಗದಿಂದ ಮರ ಮತ್ತೆ ಚಿಗುರುತ್ತಿತ್ತು, ಅದು ಬಲಿತಾಗ ಮತ್ತೆ ಕಡಿಯುತ್ತಿದ್ದರು. ಹೀಗೆ ಶತಮಾನಗಳ ಕಾಲ ನಡೆದದ್ದರ ಗುರುತು ಆ ಗಂಟು. ಇಂಥ ಹಳೆಯ ಮರಗಳು ಈ ಕಾಡಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚಿವೆ.

ಅವರು ಮುಂದುವರಿಸಿ ಹೇಳಿದ ಕತೆಯನ್ನು ನಾನು ಆಮೇಲೆ ಹುಡುಕಿ ಓದಿದೆ. ಲೌಟನ್ ಊರಿನ ಬಡವರಿಗೆ ಚಳಿಗಾಲದಲ್ಲಿ ಸೌದೆ ಸವರುವ ಹಕ್ಕಿತ್ತು. ನವೆಂಬರ್ 11ರ ನಡುರಾತ್ರಿ ಅದು ಆರಂಭವಾಗುತ್ತಿತ್ತು, ಏಪ್ರಿಲ್ 23ಕ್ಕೆ ಮುಗಿಯುತ್ತಿತ್ತು. ಆ ನಡುರಾತ್ರಿ ಯಾರಾದರೊಬ್ಬರು ಹೋಗಿ ಮೊದಲ ಕೊಂಬೆ ಕಡಿಯದಿದ್ದರೆ ಊರಿನ ಹಕ್ಕೇ ಹೋಗುತ್ತದೆಂಬ ನಂಬಿಕೆಯಿತ್ತು. ಜಮೀನಿನ ಒಡೆಯ ಊರವರಿಗೆಲ್ಲ ಆ ರಾತ್ರಿ ಭರ್ಜರಿ ಊಟ ಹಾಕಿಸಿ, ಕುಡಿಸಿ ಮೈಮರೆಸಲು ನೋಡಿದನೆಂದೂ, ಥಾಮಸ್ ವಿಲ್ಲಿಂಗೇಲ್ ಎಂಬ ಕೂಲಿಯವನು ಮಾತ್ರ ಹೊತ್ತು ಮರೆಯದೆ ಎದ್ದುಹೋಗಿ ಕೊಂಬೆ ಕಡಿದು ತಂದನೆಂದೂ ಒಂದು ದಂತಕತೆ ಇದೆ. ದಂತಕತೆಯ ಮಾತು ಹಾಗಿರಲಿ, 1860ರ ದಶಕದಲ್ಲಿ ಒಡೆಯರು ಕಾಡಿಗೆ ಬೇಲಿ ಹಾಕತೊಡಗಿದ್ದು ನಿಜ, ಬೇಲಿಯನ್ನು ಲೆಕ್ಕಿಸದೆ ಒಳಗೆ ಹೋಗಿ ಕೊಂಬೆ ಕಡಿದದ್ದಕ್ಕೆ 1866ರಲ್ಲಿ ವಿಲ್ಲಿಂಗೇಲನ ಮನೆಯವರು ಜೈಲು ಸೇರಿದ್ದೂ ನಿಜ. ಆಮೇಲೆ ಲಂಡನ್ ನಗರದ ಕಾರ್ಪೊರೇಷನ್ ಜಗಳಕ್ಕೆ ಇಳಿಯಿತು. 1874ರಲ್ಲಿ ಬೇಲಿಗಳು ಕಾನೂನುಬಾಹಿರವೆಂದು ತೀರ್ಪು ಬಂತು, 1878ರಲ್ಲಿ ಎಪ್ಪಿಂಗ್ ಕಾಡಿನ ಕಾಯಿದೆ ಬಂತು. 1882ರ ಮೇ ತಿಂಗಳಲ್ಲಿ ರಾಣಿ ವಿಕ್ಟೋರಿಯಾ ಇದೇ ಹೈ ಬೀಚಿಗೆ ಬಂದು ಕಾಡನ್ನು ಜನರ ಬಳಕೆಗೆ ಅರ್ಪಿಸಿದಳು. ಸುಮಾರು 2400 ಹೆಕ್ಟೇರು ಕಾಡು ಇಂದಿಗೂ ಆ ಕಾರ್ಪೊರೇಷನ್ನಿನ ಕೈಯಲ್ಲೇ ಇದೆ.

ಇದರಲ್ಲೊಂದು ವಿಚಿತ್ರವಿದೆ, ಅದನ್ನು ಹೇಳುವಾಗ ನಮ್ಮ ಹಿರಿಯರ ದನಿಯಲ್ಲಿ ಸಣ್ಣ ಕೊಂಕು ಸೇರಿಕೊಂಡಿತ್ತು. ಯಾವ ಹಕ್ಕಿಗಾಗಿ ಜನ ಜೈಲಿಗೆ ಹೋದರೋ ಆ ಹಕ್ಕನ್ನು ಕಾಡನ್ನು ಉಳಿಸಿದ ಕಾಯಿದೆಯೇ ಮುಗಿಸಿತು. ಕಡಿಯುವುದು ನಿಂತಿತು. ಹೋದ ಹಕ್ಕಿಗೆ ಪರಿಹಾರವಾಗಿ ಸಿಕ್ಕಿದ ಹಣದಲ್ಲಿ ಲೌಟನ್ನಿನಲ್ಲಿ 1884ರಲ್ಲಿ ಒಂದು ಸಭಾಭವನ ಕಟ್ಟಿದರು. ಅದರ ಹೆಸರೇ ಲಾಪಿಂಗ್ ಹಾಲ್, ಅಂದರೆ ಕೊಂಬೆ ಸವರುವವರ ಭವನ. ನಿಲ್ದಾಣದಿಂದ ಪೇಟೆಬೀದಿಗೆ ಹೋದರೆ ಇವತ್ತಿಗೂ ಕಾಣುತ್ತದೆ, ನಾನು ಎಷ್ಟೋ ಸಲ ಅದರ ಮುಂದೆ ಸುಮ್ಮನೆ ನಡೆದುಹೋಗಿದ್ದೆ. ಕಡಿತ ನಿಂತ ಮೇಲೆ ಮರಗಳ ಕೊಂಬೆಗಳು ನೂರು ವರ್ಷಕ್ಕೂ ಮಿಕ್ಕಿ ಅಡೆತಡೆಯಿಲ್ಲದೆ ಬೆಳೆದು, ಒಂದೊಂದೂ ಒಂದು ಮರದಷ್ಟು ದಪ್ಪವಾಗಿ, ಕೆಳಗಿನ ಟೊಳ್ಳು ಕಾಂಡ ಹೊರಲಾರದಷ್ಟು ಭಾರವಾದವು. ಗಾಳಿ ಬಂದಾಗ ಮರ ಗಂಟಿನ ಬಳಿಯೇ ಸೀಳಿಹೋಗುತ್ತದೆ. ಮೇಲಿನ ನೆರಳು ದಟ್ಟವಾಗಿ ನೆಲಕ್ಕೆ ಬೆಳಕಿಲ್ಲವಾಗಿ, ಬೆಳಕು ಬೇಡುವ ಗಿಡ ಹುಳುಗಳು ಸ್ಥಳ ಬಿಟ್ಟವು. ಈಗ ಕೆಲವು ಭಾಗಗಳಲ್ಲಿ ಮತ್ತೆ ಕಡಿಯತೊಡಗಿದ್ದಾರೆ, ಉದ್ದಕೊಂಬಿನ ದನಗಳನ್ನೂ ಮೇಯಲು ಬಿಟ್ಟಿದ್ದಾರೆ. ಹೊಸದಾಗಿ ಕಡಿದ ಮರದ ಮುಂದೆ ನಮ್ಮ ತಂಡದವರು ಯಾರೂ ಟ್ರೈಪಾಡು ಊರುವುದಿಲ್ಲ. ಅದು ಗಾಯದಂತೆ ಕಾಣುತ್ತದೆ, ಚಿತ್ರಕ್ಕೆ ಚೆಂದವಲ್ಲ.

ಮನುಷ್ಯ ಮುಟ್ಟದ ಕಾಡೆಂದು ನಾವು ಕಿತ್ತಳೆ ಕೋಟನ್ನು ಅಳಿಸಿ ತೋರಿಸುವ ಚಿತ್ರದಲ್ಲಿ, ಕಾಣುವ ಪ್ರತಿಯೊಂದು ಮರದ ಆಕಾರವನ್ನೂ ಯಾರೋ ಕೂಲಿಯವನ ಕೊಡಲಿ ಕೊಟ್ಟದ್ದು. ಅಂದು ಚಹಾ ಕುಡಿದು ಏಳುವಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಮನೆಯ ಮೇಲಿನ ಬೆಟ್ಟ.

ದರಕಿನ ಕಾಲ

ಬೆಟ್ಟವೆಂದರೆ ಶಿರಸಿ ಕಡೆಯವರಿಗೆ ಏರಿ ಇಳಿಯುವ ಗುಡ್ಡ ಮಾತ್ರವಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಿನ ತುಂಡು ಅದು, ಸೊಪ್ಪಿನ ಬೆಟ್ಟ. ಭೂಮಿ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ಮತ್ತಿ, ಹೊನ್ನೆ, ನಂದಿ ಮರಗಳನ್ನು ಏರಿ, ಸೊಂಟದ ಕತ್ತಿ ತೆಗೆದು, ಸೊಪ್ಪು ಕಡಿದು ಕೆಳಗೆ ಬೀಳಿಸುತ್ತಿದ್ದರು. ಹಾಗೆ ಕಡಿಸಿಕೊಂಡ ಮರಗಳ ಆಕಾರ ನನಗೆ ಹುಟ್ಟಿನಿಂದ ಪರಿಚಿತ: ನೆಟ್ಟಗಿನ ಬೊಡ್ಡೆ, ಮೈತುಂಬ ಗಂಟು, ಗಂಟಿನಿಂದ ಹೊರಟ ಕುಚ್ಚು ಕುಚ್ಚು ಚಿಗುರು. ನಾನು ಶಾಲೆಗೆ ಹೋಗುವಾಗ ಅವು ನನಗೆ ಕುರೂಪವಾಗಿ ಕಾಣುತ್ತಿದ್ದವು. ಪಠ್ಯಪುಸ್ತಕದ ಚಿತ್ರದಲ್ಲಿನ ಮರಕ್ಕೆ ದುಂಡನೆಯ ಹಸಿರು ಕೊಡೆ ಇರುತ್ತಿತ್ತು, ನಮ್ಮ ಬೆಟ್ಟದ ಮರಕ್ಕೆ ಇರಲಿಲ್ಲ. ಅದೇ ಆಕಾರವನ್ನು ನೋಡಲು ನಾನು ಈಗ ಮುಂಜಾನೆ ಐದಕ್ಕೆ ಏಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಬೆಟ್ಟದಲ್ಲಿ ಎಲೆ ಉದುರುತ್ತಿತ್ತು. ನಮ್ಮಲ್ಲಿ ಅದಕ್ಕೆ ದರಕು ಎನ್ನುತ್ತಾರೆ. ಕೆಲವು ಊರುಗಳಲ್ಲಿ ತರಗು, ಪುಸ್ತಕದಲ್ಲಿ ತರಗೆಲೆ. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಸಿ ಸೊಪ್ಪು ಹಾಸುವಂತೆ ಒಣಗಾಲದಲ್ಲಿ ದರಕು ಹಾಸಬೇಕು. ದನ ತುಳಿದು, ಸಗಣಿ ಗಂಜಳ ಬೆರೆತು, ಅದು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ ಬರುತ್ತದೆ. ಹಾಗಾಗಿ ವರ್ಷಕ್ಕೆ ಬೇಕಾದಷ್ಟು ದರಕನ್ನು ಬೇಸಿಗೆ ಮಳೆ ಬೀಳುವ ಮೊದಲೇ ತಂದು ಒಟ್ಟಬೇಕಿತ್ತು. ಒಮ್ಮೆ ಒದ್ದೆಯಾದ ದರಕು ಹೊರಲು ಭಾರ, ಇಟ್ಟರೆ ಬೂಸು.

ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗಿನ ಒಂದು ಬೆಳಿಗ್ಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಭಾನುವಾರವೇ ಇರಬೇಕು, ಶಾಲೆಯಿರಲಿಲ್ಲ. ಆಯಿ, ದೊಡ್ಡಾಯಿ, ಕೆಳಗಿನ ಕೇರಿಯ ನಾಲ್ಕೈದು ಅಕ್ಕಂದಿರು, ಹಿಂದೆ ನಾನು. ಎಲ್ಲರ ಕೈಯಲ್ಲೂ ಕಡ್ಡಿ ಪೊರಕೆ, ಹೆಗಲ ಮೇಲೆ ಹಗ್ಗದಿಂದ ಹೆಣೆದ ಕಲ್ಲಿ. ಇಬ್ಬನಿ ಆರದೆ ದರಕು ಗುಡಿಸಬಾರದೆಂದು ಅವರು ಬೆಟ್ಟದ ಅಂಚಿನಲ್ಲಿ ಕವಳ ಹಾಕುತ್ತ ಕೂತರು. ಮರಗಳ ನಡುವೆ ಇದ್ದ ಮಂಜು ಬಿಸಿಲಿಗೆ ಕರಗುವುದನ್ನು ಯಾರೂ ಸೊಗಸೆನ್ನಲಿಲ್ಲ, ಹೊತ್ತಾಗುತ್ತಿದೆ ಎಂದರು. ಮಂಜು ಹೋದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಮೇಲಿನಿಂದ ಕೆಳಕ್ಕೆ, ಸೊಂಟ ಬಗ್ಗಿಸಿ ಗುಡಿಸುತ್ತ ಬಂದರು. ಆ ಸಪ್ಪಳ ನನಗೆ ಬಹಳ ಇಷ್ಟವಾಗಿತ್ತು. ಕಡಲನ್ನು ಮೊದಲ ಸಲ ಕುಮಟಾದಲ್ಲಿ ನೋಡಿದಾಗ ನಾನು ಆಯಿಗೆ ಹೇಳಿದ್ದೇ, ಇದು ದರಕು ಗುಡಿಸಿದ ಹಾಗೆ ಕೇಳುತ್ತದೆ ಎಂದು. ಗುಡ್ಡೆಯಾದ ದರಕನ್ನು ಕಲ್ಲಿಗೆ ತುಂಬಿ, ಒಳಗೆ ಕಾಲಿಟ್ಟು ತುಳಿದು ಒತ್ತುವ ಕೆಲಸ ನನ್ನದು. ಮೊಣಕಾಲವರೆಗೆ ಎಲೆ, ಮೂಗಿನ ತುಂಬ ದೂಳು, ಕಾಲಿಗೆ ಚಿಗಳಿ ಇರುವೆ. ಸಿಂಬಿಯ ಮೇಲೆ ಕಲ್ಲಿ ಹೊತ್ತು ಇಳಿಯುವಾಗ ಹೆಂಗಸರ ತಲೆ ಕಾಣುತ್ತಿರಲಿಲ್ಲ, ದೊಡ್ಡ ಕಂದು ಗೋಲಗಳು ತಾವೇ ಕಾಲು ಮೂಡಿ ಬೆಟ್ಟ ಇಳಿಯುತ್ತಿವೆಯೆನ್ನಿಸುತ್ತಿತ್ತು.

ಇದನ್ನು ಹೊಳಪು ಕೊಟ್ಟು ಹೇಳುವ ಇಚ್ಛೆ ನನಗಿಲ್ಲ. ಆ ಅಕ್ಕಂದಿರಿಗೆ ಸಿಗುತ್ತಿದ್ದ ಕೂಲಿ ಕಡಿಮೆ, ಸೊಂಟನೋವು ಮಾತ್ರ ಬಾಳಿಡೀ. ಸೊಪ್ಪಿನ ಆಸೆಗೆ ಮೈಯೆಲ್ಲ ಬೋಳಿಸಿಕೊಂಡು ಒಣಗಿಹೋದ ಮರಗಳನ್ನೂ ನೋಡಿದ್ದೇನೆ, ಒಂದೆಲೆಯನ್ನೂ ಬಿಡದೆ ಗುಡಿಸಿ ಕಲ್ಲು ಎದ್ದ ಬೆಟ್ಟಗಳನ್ನೂ ನೋಡಿದ್ದೇನೆ. ಗುಡಿಸಿದರೆ ಬೆಂಕಿಯ ಭಯ ಕಡಿಮೆ ಎಂಬುದು ಒಂದು ವಾದ, ಗುಡಿಸಿದರೆ ಬೆಟ್ಟದ ಮಣ್ಣಿಗೆ ಉಣ್ಣಲು ಏನೂ ಉಳಿಯುವುದಿಲ್ಲ ಎಂಬುದು ಇನ್ನೊಂದು. ಎರಡೂ ನಿಜವೆಂದೇ ನನ್ನ ಲೆಕ್ಕ. ಆದರೆ ಆ ಬೆಟ್ಟವನ್ನು ಯಾರೂ ನಿರ್ಜನವೆಂದು ಭಾವಿಸಿರಲಿಲ್ಲ, ಇಷ್ಟು ಮಾತ್ರ ಖಚಿತ. ಎಪ್ಪಿಂಗ್ ಕಾಡಿನ ಚಿತ್ರದಲ್ಲಿ ಆಯಿ ಹುಡುಕಿದ್ದು ಆ ಹೆಂಗಸರ ಸಾಲನ್ನು.

ಕಾಲಿನ ಭಾರ

ನಾವು ಎಲೆ ಒಯ್ಯುವುದಿಲ್ಲ, ಕೊಂಬೆ ಕಡಿಯುವುದಿಲ್ಲ, ಅಣಬೆ ಕೀಳುವುದಿಲ್ಲ (ಎಪ್ಪಿಂಗ್ ಕಾಡಿನಲ್ಲಿ ಅಣಬೆ ಕೀಳುವುದಕ್ಕೆ ನಿಷೇಧವೂ ಇದೆ). ಹಾಗಾಗಿ ನಾವು ಕಾಡಿನಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲವೆಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಬೀಚ್ ಮರದ ಬೇರು ಆಳಕ್ಕೆ ಇಳಿಯದೆ ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಚೆಂದದ ಮರವೊಂದು ಹೆಸರುವಾಸಿಯಾದರೆ ಅದರ ಬುಡದ ಮಣ್ಣು ತುಳಿತಕ್ಕೆ ಗಟ್ಟಿಯಾಗಿ, ನೀರೂ ಗಾಳಿಯೂ ಒಳಗೆ ಇಳಿಯದೆ ಬೇರು ಸೊರಗುತ್ತದೆ. ನಾವು ಹನ್ನೊಂದು ಜನ, ಪ್ರತಿ ಟ್ರೈಪಾಡಿಗೆ ಮೂರು ಕಾಲು. ಲೆಕ್ಕ ಹಾಕಿದರೆ ದೊಡ್ಡ ಮಂದೆಯೇ. ನಾವು ಹೋದ ಮೇಲೆ ಇನ್ನೊಂದು ತಂಡ ಬರುತ್ತದೆ. ಒಂದು ಸಲ ತಂಡದವರೊಬ್ಬರು ಬಿದ್ದ ಬೀಚ್ ಮರದ ಮೇಲಿನ ಬಿಳಿ ಅಣಬೆಗಳ ಚಿತ್ರ ತೆಗೆಯಲು, ಅಡ್ಡ ಬಂದ ಎಲೆಗಳನ್ನೂ ಪಾಚಿಯನ್ನೂ ಕೈಯಿಂದ ಬಳಿದು ಸ್ವಚ್ಛ ಮಾಡಿದರು. ಚಿತ್ರ ಬಹಳ ಸೊಗಸಾಗಿ ಬಂತು. ಮರುವಾರ ಹೋದಾಗ ಬಳಿದ ಜಾಗ ಹಾಗೆಯೇ ಕಪ್ಪಗೆ ತೆರೆದುಕೊಂಡಿತ್ತು. ಅವರನ್ನು ದೂರುವ ಯೋಗ್ಯತೆ ನನಗಿಲ್ಲ, ಅಂಥದ್ದನ್ನು ನಾನೂ ಮಾಡಿದ್ದೇನೆ. ಆದರೆ ಅಂದಿನಿಂದ ಮರದ ಬುಡಕ್ಕೆ ಹೋಗದೆ ಉದ್ದ ಲೆನ್ಸು ಹಾಕಿ ದಾರಿಯ ಮೇಲೆಯೇ ನಿಲ್ಲುತ್ತೇನೆ. ದೂರದಿಂದ ತೆಗೆದರೆ ಮರಗಳು ಒತ್ತೊತ್ತಾಗಿ ಬರುತ್ತವೆ. ಚಿತ್ರಕ್ಕೂ ಅದು ಕೆಡುಕೇನಲ್ಲ.

ದೂರ ನಿಂತದ್ದರ ಒಂದು ಪರಿಣಾಮವನ್ನು ನಾನು ನಿರೀಕ್ಷಿಸಿರಲಿಲ್ಲ. ಉಳಿದವರೆಲ್ಲ ಮುಂದೆ ಹೋಗುವುದರಿಂದ ನನ್ನ ಫ್ರೇಮಿನಲ್ಲಿ ಯಾವಾಗಲೂ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಮೊದಮೊದಲು ಅವರು ಸರಿಯುವವರೆಗೆ ಕಾಯುತ್ತಿದ್ದೆ. ಆಮೇಲೆ ಕಾಯುವುದನ್ನು ಬಿಟ್ಟೆ.

ಹೋದ ನವೆಂಬರ್

ಹೋದ ವರ್ಷ ನವೆಂಬರಿನ ಎರಡನೆಯ ಭಾನುವಾರ ಬೀಚ್ ಎಲೆಗಳು ಬಹುಪಾಲು ಉದುರಿ ಮುಗಿದಿದ್ದವು. ಎಳೆಯ ಗಿಡಗಳು ಮಾತ್ರ ಒಣಗಿದ ಎಲೆಗಳನ್ನು ಬಿಡದೆ ಹಿಡಿದುಕೊಂಡಿದ್ದವು, ಅವು ವಸಂತದವರೆಗೂ ಹಾಗೆಯೇ ಹಿಡಿದಿರುತ್ತವೆ. ತೆಳ್ಳನೆಯ ಮಂಜಿತ್ತು, ಗಾಳಿಯಿರಲಿಲ್ಲ. ನಾನು ಇಳಿಜಾರಿನ ಮೇಲಿನ ದಾರಿಯಲ್ಲಿ ನಿಂತಿದ್ದೆ. ಕೆಳಗೆ ತಂಡದವರು ಅಲ್ಲೊಬ್ಬರು ಇಲ್ಲೊಬ್ಬರು ಚದುರಿದ್ದರು. ಅಷ್ಟರಲ್ಲಿ ಕಿತ್ತಳೆ ಕೋಟಿನ ಹೆಂಗಸು ಏನೋ ಕೂಗಿದರು. ಟ್ರೈಪಾಡಿಗೆ ಕ್ಯಾಮೆರಾ ಸಿಕ್ಕಿಸುವ ಚಿಕ್ಕ ಲೋಹದ ಪ್ಲೇಟು ಕಳಚಿ ಎಲೆಗಳೊಳಗೆ ಬಿದ್ದುಹೋಗಿತ್ತು. ಅಂಗೈಯ ಅರ್ಧದಷ್ಟೂ ಇಲ್ಲದ ಕಪ್ಪು ಚೂರು, ಅದಿಲ್ಲದೆ ಟ್ರೈಪಾಡು ಬರಿಯ ಊರುಗೋಲು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಕ್ಯಾಮೆರಾ ಬಿಟ್ಟು ಅಲ್ಲಿಗೆ ಬಂದರು. ಹಿರಿಯರ ಸೂಚನೆಯಂತೆ ಒಂದೇ ಸಾಲಿನಲ್ಲಿ ನಿಂತು, ಮೇಲಿನಿಂದ ಕೆಳಕ್ಕೆ, ಬಗ್ಗಿ, ಕೈಯಿಂದಲೂ ಕಡ್ಡಿಯಿಂದಲೂ ಎಲೆಗಳನ್ನು ಸರಿಸುತ್ತ ಇಳಿಯತೊಡಗಿದರು.

ಸಪ್ಪಳ ನನ್ನವರೆಗೂ ಬಂತು. ಇಲ್ಲಿನ ಎಲೆ ಒದ್ದೆ, ಆದ್ದರಿಂದ ಅದು ಅಲ್ಲಿಯಷ್ಟು ಗಟ್ಟಿಯಾಗಿ ಕೇಳುವುದಿಲ್ಲ, ಆದರೂ ಅದೇ ಸಪ್ಪಳ. ನಾನೂ ಇಳಿದುಹೋಗಿ ಹುಡುಕಬೇಕಿತ್ತು. ಹೋಗುವ ಮೊದಲು ಎರಡು ಸಲ ಷಟರ್ ಒತ್ತಿದೆ. ಹತ್ತು ಜನರ ಬಗ್ಗಿದ ಬೆನ್ನುಗಳು, ನಡುವೆ ಕಿತ್ತಳೆಯ ಒಂದು ಚುಕ್ಕೆ, ಅವರ ಮೇಲೆ ಗಂಟು ಬಿದ್ದ ಮರಗಳು. ಬೆನ್ನುಗಳು ಸ್ವಲ್ಪ ಅಲುಗಿ ಮಸುಕಾಗಿವೆ, ಷಟರ್ ನಿಧಾನವಿತ್ತು. ಪ್ಲೇಟು ಸಿಗಲಿಲ್ಲ. ಅರ್ಧ ಗಂಟೆ ಹುಡುಕಿ, ಅದನ್ನು ಕಾಡಿಗೇ ಬಿಟ್ಟು, ಚಹಾ ಅಂಗಡಿಗೆ ಹೋದೆವು.

ಆ ಚಿತ್ರವನ್ನು ಏನೂ ಅಳಿಸದೆ ಆಯಿಗೆ ಕಳಿಸಿದೆ. ಮರುದಿನ ಆಯಿಯೇ ಫೋನು ಮಾಡಿದಳು. ಎಷ್ಟು ಜನ, ಎಲ್ಲರೂ ಹೆಂಗಸರೋ, ಗಂಡಸರೂ ಇದ್ದಾರೋ, ಕಲ್ಲಿ ಎಲ್ಲಿಟ್ಟಿದ್ದಾರೆ ಎಂದೆಲ್ಲ ವಿಚಾರಿಸಿದಳು. ಅವರು ದರಕು ಗುಡಿಸುತ್ತಿಲ್ಲ, ಕಳೆದುಹೋದದ್ದೇನನ್ನೋ ಹುಡುಕುತ್ತಿದ್ದಾರೆ ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು, ಚಿತ್ರವನ್ನು ಮತ್ತೆ ನೋಡುತ್ತಿದ್ದಳೆಂದು ತೋರುತ್ತದೆ. ಆಮೇಲೆ, "ಏನಾರು ಮಾಡ್ಲಿ, ಹಂಗೆ ಸೊಂಟ ಬಗ್ಸಿರೆ ನಾಳಿಗೆ ಏಳಲೆ ಆಗ್ತಿಲ್ಲೆ. ಕಾಲು ಅಗಲ ಮಾಡಿ ನಿಲ್ಲಲೆ ಹೇಳು ಅವ್ಕೆ" ಎಂದಳು.